ಕಲ್ಲುದಂಡೆಗೆ ಬಂದ ಹನುಮಕ್ಕ

ಕೊರೊನಾ ಕಳೆದು ಕಾಲೇಜುಗಳು ಮತ್ತೆ ಪೂರ್ತಿ ತೆರೆದ ವರ್ಷ. ನಾನು ಹಗರಿಬೊಮ್ಮನಹಳ್ಳಿಯ ಪದವಿ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕಿ, ನಿವೃತ್ತಿ ಹತ್ತಿರವಿತ್ತು. ನಮ್ಮ ಪ್ರಯೋಗಾಲಯದಲ್ಲಿ ಕೈಟನ್ ಎಂಬ ಸಮುದ್ರಜೀವಿಯ ಒಂದೇ ಮಾದರಿ ಇತ್ತು. ಫಾರ್ಮಲಿನ್ ಬಾಟಲಿಯಲ್ಲಿ ಬಣ್ಣಗೆಟ್ಟು, ನೆನೆದ ಹುಣಸೆಬೀಜದಂತೆ ಕಾಣುತ್ತಿತ್ತು. ಜೀವಂತ ಕೈಟನ್ ತೋರಿಸಲು ಅಂತಿಮ ವರ್ಷದವರನ್ನು ಕಾರವಾರದ ಕಡೆಯ ಕಲ್ಲುದಂಡೆಗೆ ಕರೆದೊಯ್ಯಲು ನಿರ್ಧರಿಸಿದೆ.

ಎಲ್ಲರ ಮನೆಯವರೂ ಒಪ್ಪಿದರು, ತಂಬ್ರಹಳ್ಳಿಯ ನಾಗವೇಣಿಯ ಮನೆಯೊಂದನ್ನು ಬಿಟ್ಟು. ತರಗತಿಯಲ್ಲಿ ಹೆಚ್ಚು ಪ್ರಶ್ನೆ ಕೇಳುವವಳು ಅವಳೇ. ಅವಳ ತಂದೆ ಮೀನು ಹಿಡಿಯಲು ಹೋಗಿ ತುಂಗಭದ್ರೆಯ ಹಿನ್ನೀರಿನಲ್ಲಿ ಮುಳುಗಿ ತೀರಿಕೊಂಡಿದ್ದರು. ಕೂಲಿ ಮಾಡಿ ಮಗಳನ್ನು ಓದಿಸುತ್ತಿದ್ದ ತಾಯಿ ಹನುಮಕ್ಕ ಕಾಲೇಜಿಗೇ ಬಂದರು.

“ಆಕಿ ಅಪ್ಪನ್ನ ನೀರೇ ಒಯ್ದೈತ್ರಿ ಮೇಡಮ್ಮಾರೆ. ನನಗ ಉಳಿದಾಕಿ ಇಕಿ ಒಬ್ಬಾಕಿ. ಹೆಂಗ ಕಳಸ್ಲಿ?”

ಇಳಿತದ ಹೊತ್ತಿಗೆ ಹೋಗುತ್ತೇವೆ, ಆಗ ನೀರು ಹಿಂದೆ ಸರಿದಿರುತ್ತದೆ ಎಂದು ವಿವರಿಸಿದೆ. ಅವರ ಮುಖ ಬದಲಾಗಲಿಲ್ಲ.

“ಹಂಗಾದ್ರ ನೀವೂ ಬರ್ರಿ,” ಎಂದೆ.

“ಬರ್ತೀನ್ರಿ. ಆದ್ರ ನೀರಿಗಿ ಇಳಿಯಂಗಿಲ್ಲ.”

ಕಲ್ಲುದಂಡೆ ತಲುಪಿದಾಗ, ಹೇಳಿದಂತೆಯೇ ಅವರು ಒಣ ಮರಳಿನಲ್ಲಿ ಕುಳಿತು ಮಗಳ ಮೇಲೇ ಕಣ್ಣಿಟ್ಟಿದ್ದರು. ಕೈಟನ್ ಹುಡುಕುವುದು ಸುಲಭವಲ್ಲ. ಚಪ್ಪಟೆ ದೇಹ, ಕಲ್ಲಿನದೇ ಬಣ್ಣ. ಒದ್ದೆ ಬಿರುಕುಗಳಲ್ಲಿ, ಕಲ್ಲುಗಳ ಅಡಿಯಲ್ಲಿ ಅಂಟಿಕೊಂಡಿರುತ್ತದೆ. ಮೊದಲು ಸಿಕ್ಕವೆಲ್ಲ ಲಿಂಪೆಟ್ ಎಂಬ ಚಿಪ್ಪುಜೀವಿಗಳು. ಅವಕ್ಕೆ ಟೋಪಿಯಂಥ ಒಂದೇ ಚಿಪ್ಪು. ಕೈಟನ್‌ಗಾದರೆ ಬೆನ್ನುದ್ದಕ್ಕೂ ಎಂಟು ಫಲಕಗಳು, ಸುತ್ತಲೂ ತೊಗಲಿನ ಅಂಚು. ಯಾವುದನ್ನೂ ಕೀಳಬಾರದು, ಮಗುಚಿದ ಕಲ್ಲನ್ನು ಮೊದಲಿದ್ದಂತೆಯೇ ಇಡಬೇಕು ಎಂದು ಹೇಳಿದ್ದೆ.

ನೀರು ಏರತೊಡಗಿದಾಗ ಎಲ್ಲರನ್ನೂ ಕರೆದೆ. ನಾಗವೇಣಿ ಬರಲಿಲ್ಲ. ಆಚೆಯ ಬಂಡೆಯ ಬಿರುಕಿಗೆ ಮುಖ ಹಚ್ಚಿದ್ದಳು. ಅಲೆಗಳ ಸದ್ದಿನಲ್ಲಿ ನನ್ನ ದನಿ ಕೇಳಿರಲಿಕ್ಕಿಲ್ಲ. ಅವಳ ಪಾದಗಳು ಮುಳುಗುತ್ತಿದ್ದವು. ನಾನು ಹೆಜ್ಜೆಯಿಡುವ ಮೊದಲೇ ಹನುಮಕ್ಕ ಸೀರೆ ಎತ್ತಿ ಕಟ್ಟಿ ನೀರಿಗಿಳಿದಿದ್ದರು. ಪಾಚಿಗಲ್ಲುಗಳ ಮೇಲೆ ಕೈಯೂರುತ್ತ ಹೋಗಿ ಮಗಳ ರಟ್ಟೆ ಹಿಡಿದರು. ಹಿಂದೆಯೇ ಹೋದ ನಾನು ತಾಯಿಯ ಬೈಗುಳ ನಿರೀಕ್ಷಿಸಿದ್ದೆ.

“ಅವ್ವಾ, ಸಿಕ್ಕೈತಿ ನೋಡು,” ಎಂದಳು ನಾಗವೇಣಿ.

ಹನುಮಕ್ಕ ರಟ್ಟೆ ಬಿಡದೆಯೇ ಬಗ್ಗಿದರು. ಒಂದು ಅಲೆ ಬಿರುಕನ್ನು ತುಂಬಿ ಹಿಂದೆ ಸರಿಯಿತು. ಕೈಟನ್ ಅಲ್ಲೇ ಇತ್ತು.

“ಇಷ್ಟು ನೀರು ಬಡದ್ರೂ ಹೋಗಲಿಲ್ಲಲ್ಲ ಇದು?”

“ಅದರ ಹೊಟ್ಟಿ ಕೆಳಗ ಬರೀ ಪಾದನ ಐತಿ ಅವ್ವಾ. ಗಟ್ಟಿ ಹಿಡಕಂತೈತಿ.”

ಮಗಳು ಎಂಟೂ ಫಲಕಗಳನ್ನು ಎಣಿಸಿ ತೋರಿಸುವವರೆಗೆ ತಾಯಿ ಅವಳನ್ನು ಎಳೆಯಲಿಲ್ಲ. ಆಮೇಲೆ ಮೂವರೂ ಕೈ ಹಿಡಿದು ದಂಡೆಗೆ ಬಂದೆವು.

ಒದ್ದೆ ಸೀರೆಯಲ್ಲೇ ಕುಳಿತು ಹನುಮಕ್ಕ ಬಹಳ ಹೊತ್ತು ಅತ್ತರು. “ಆತ ಹೋದಮ್ಯಾಲ ಹೊಳಿ ಕಡಿ ಮುಖ ಮಾಡಿದ್ದಿಲ್ರಿ ನಾ,” ಎಂದರು. ನಾಗವೇಣಿ ತಾಯಿಯ ಕಾಲಿನ ಮರಳನ್ನು ತನ್ನ ದುಪಟ್ಟಾದಿಂದ ಒರೆಸುತ್ತಿದ್ದಳು. ಉಳಿದ ವಿದ್ಯಾರ್ಥಿಗಳು ಬಂದು ಸುತ್ತ ಕುಳಿತರು.

ನಾಗವೇಣಿ ಈಗ ಕೊಟ್ಟೂರಿನಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುತ್ತಾಳೆ. ನಾನು ನಿವೃತ್ತಳಾಗುವವರೆಗೂ ಪ್ರತಿ ಪ್ರವಾಸದ ಬಸ್ಸಿನಲ್ಲಿ ಪೋಷಕರಿಗೆಂದು ಕೆಲವು ಸೀಟು ಬಿಡುತ್ತಿದ್ದೆ. ಹೆದರಿದವರಿಗೆ ವಿವರಣೆ ಕೊಡುವುದನ್ನು ಓದು ಕಲಿಸಿತ್ತು. ಅವರಿಗೆ ಪಕ್ಕದಲ್ಲಿ ಜಾಗ ಕೊಡುವುದನ್ನು ಮಾತ್ರ ಕೆಲಸವೇ ಕಲಿಸಿತು.