ನಂದೊಂದು ಗಾಳಕ್ಕ ಡ್ಯಾಮ್ ಖಾಲಿ ಆಗತೈತೇನ್ರಿ?

ನಾನು ಸಾಲಿ ಬಿಟ್ಟಿದ್ದು 1988ರಲ್ಲಿ, ಏಳನೇ ಇಯತ್ತೆ ಅರ್ಧಕ್ಕೆ. ಮಾಸ್ತರರು ಹೊಡೆದರು ಅಂತಲ್ಲ. ಮೋಟರ್ ಅಂಗಡಿಯ ತಾಮ್ರದ ತಂತಿ ಪಾಟಿ-ಪುಸ್ತಕಕ್ಕಿಂತ ಚೆಂದ ಹೊಳೀತಿತ್ತು, ಅದಕ್ಕೆ. ಇವತ್ತು ಗೋಕಾಕದಲ್ಲಿ ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಅಂಗಡಿ ನಂದೇ. ಶನಿವಾರದ ತನಕ ಸುಟ್ಟ ಕಾಯಿಲ್ ಬಿಚ್ಚಿ ಹೊಸದು ಸುತ್ತೋದು. ರವಿವಾರ ಬಂತೆಂದರೆ ಗಾಳ ಹಿಡಿದು ಹಿಡಕಲ್ ಡ್ಯಾಮಿನ ಹಿನ್ನೀರಿಗೆ.

ಮೂಡಲಗಿಯಿಂದ ದೋಸ್ತ ಬಸು ಬರ್ತಾನೆ. ಹತ್ತರಗಿಯಿಂದ ಇನ್ನಿಬ್ಬರು. ಸಿಗೋದು ಹೆಚ್ಚಾಗಿ ಜಿಲೇಬಿ. (ಸಕ್ಕರೆ ಪಾಕದ್ದಲ್ಲ, ಮೀನು. ಖಾರ ಹಚ್ಚಿ ಹಂಚಿನ ಮೇಲೆ ಹುರಿದರೆ ಪಾಕದ್ದನ್ನು ಮರೀತೀರಿ.)

ನಮ್ಮಲ್ಲೊಂದು ರೂಢಿ ಇದೆ. ಸಂಜೆ ಹೊರಡುವ ಮುಂಚೆ ಎಲ್ಲರ ಚೀಲ ತೂಗಬೇಕು. ಯಾರದು ಹಗುರವೋ ಅವರು ಎಲ್ಲರಿಗೂ ಚಹಾ, ಮಿರ್ಚಿ ಭಜಿ ಕೊಡಿಸಬೇಕು. ಇಷ್ಟು ವರ್ಷದಲ್ಲಿ ನಾನು ಒಮ್ಮೆಯೂ ಕೊಡಿಸಿದವನಲ್ಲ. ಅದಕ್ಕಾಗಿ ಬೆರಳುದ್ದದ ಮರಿಯನ್ನೂ ನೀರಿಗೆ ಬಿಟ್ಟವನಲ್ಲ. ಬಿಟ್ಟರೆ ತೂಕ ಹೋಗೋದಿಲ್ಲವೇ?

ಹೋದ ತಿಂಗಳು ಒಂದು ರವಿವಾರ, ಹಿತ್ತಲಲ್ಲಿ ಮೀನು ತೊಳೆಯುತ್ತಿದ್ದ ನಮ್ಮ ಮನೆಯವಳು ಮಹಾದೇವಿ ಕರೆದಳು.

"ಏನ್ರಿ, ಇಲ್ಲಿ ಬಂದು ಇವನ್ನ ನೋಡ್ರಿ."

"ನೋಡಾಕ ಏನೈತಿ? ಮೂರು ಕಿಲೋ ಐತಿ. ಮೊದಲೂ ಅಷ್ಟ ಇತ್ತು."

"ನೀವು ಕಿಲೋ ನೋಡ್ತೀರಿ. ಕೆರೆದು ತೊಳಿಯಾಕಿ ನಾನು. ಮೊದಲ ಮೂರು ಮೀನಿಗೆ ಹಂಚು ತುಂಬತಿತ್ತು. ಈಗ ಎಂಟು ಹಾಕಿದ್ರೂ ನಡುವ ಜಾಗ ಉಳೀತೈತಿ. ಇದೇನ್ ಮೀನ್ರಿ? ಬಾಲವಾಡಿ ಎತ್ಕೊಂಡು ಬಂದೀರಿ."

ನನಗೆ ಸಿಟ್ಟು ಬಂತು. "ಡ್ಯಾಮ್ ಎಷ್ಟ ದೊಡ್ಡದೈತಿ ಗೊತ್ತೇನು? ಆಚಿ ದಂಡಿ ಕಣ್ಣಿಗೆ ಕಾಣೂದಿಲ್ಲ. ನಂದೊಂದು ಗಾಳಕ್ಕ ಅದಕ್ಕೇನಾಗತೈತಿ?"

ಅವಳು ನಕ್ಕಳು. "ಬ್ಯಾಸಗ್ಯಾಗ ರೈತರು ಅಂಗಡಿಗೆ ಬಂದು ಏನಂತಾರ? 'ನಂದೊಂದು ಮೋಟರಿಗೆ ಟಿಸಿ ಸುಡತೈತೇನ್ರಿ ಮಿಸ್ತ್ರಿ?' ಅಂತಾರ. ಅವಾಗ ಅವರಿಗೆ ಏನ್ ಬೈತೀರಿ, ಅದನ್ನ ಇವತ್ತ ನಿಮಗ ನೀವ ಬೈಕೋರಿ."

ಟಿಸಿ ಅಂದರೆ ಹೊಲದ ಟ್ರಾನ್ಸ್‌ಫಾರ್ಮರ್. ಕುಲಗೋಡ, ಮೇಲವಂಕಿ ಕಡೆ ಪ್ರತಿ ಬೇಸಿಗೆಗೂ ಇದೇ ಕಥೆ. ಅದರ ತಾಕತ್ತು ಇಷ್ಟೇ ಮೋಟರಿಗೆ ಅಂತ ಇರ್ತದೆ. ಒಬ್ಬೊಬ್ಬರೂ 'ನಂದೊಂದೇ ತಾನೇ' ಅಂತ ತಂತಿ ಸಿಕ್ಕಿಸ್ತಾರೆ. ಒಂದು ಮಧ್ಯಾಹ್ನ ಢಂ ಅಂತದೆ. ಯಾರ ಮೋಟರಿನಿಂದ ಸುಟ್ಟಿತು? ಕೇಳಿ ನೋಡಿ, ಯಾರದ್ದರಿಂದಲೂ ಅಲ್ಲ.

ಖರೆ, ಡ್ಯಾಮಿನಲ್ಲಿ ಬಲೆ ಹಾಕೋರೂ ಇದ್ದಾರೆ. ಬೇಸಿಗೆಗೆ ನೀರೂ ಇಳೀತದೆ. ಎಲ್ಲ ತಪ್ಪು ಗಾಳದ್ದೇ ಅನ್ನಲು ನಾನೇನು ವಿಜ್ಞಾನಿಯಲ್ಲ. ಆದರೆ ಬಲೆಯವನಿಗೆ ಅದು ಹೊಟ್ಟೆಪಾಡು. ನಮಗೆ? ಪುಕ್ಕಟೆ ಚಹಾ. ಇನ್ನು ಡ್ಯಾಮ್ ಎಷ್ಟೇ ದೊಡ್ಡದಿರಲಿ, ನಾವು ಕೂರೋದು ವರ್ಷಗಟ್ಟಲೆ ಅದೇ ದಂಡೆಯಲ್ಲಿ. ಜಿಲೇಬಿ ಮರಿ ಮಾಡೋದೂ ದಂಡೆಯ ಆಳವಿಲ್ಲದ ನೀರಿನಲ್ಲೇ.

ಸರಿ, ಮುಂದಿನ ವಾರ ನಾನೇ ಹೊಸ ಕಾಯ್ದೆ ತಂದೆ. ತೂಕ ಬೇಡ, ಯಾರ ಮೀನು ಎಲ್ಲಕ್ಕಿಂತ ದೊಡ್ಡದೋ ಅವರು ಗೆದ್ದಂತೆ. ಸಣ್ಣವೆಲ್ಲ ವಾಪಸ್ ನೀರಿಗೆ. (ನನ್ನ ತಲೆಯ ಬಗ್ಗೆ ನನಗೆ ಭಾರೀ ಅಭಿಮಾನ ಬಂತು.) ಗೆದ್ದಿದ್ದೂ ನಾನೇ. ಅಂಗೈ ಮೀರಿದ ಮೀನನ್ನು ಮಹಾದೇವಿಯ ಮುಂದೆ ಇಟ್ಟು, ಮೀಸೆ ತಿರುವುತ್ತ ನಿಂತೆ.

ಅವಳು ಹೊಟ್ಟೆ ಸೀಳಿದಳು. ಒಳಗೆ ತತ್ತಿ ತುಂಬಿತ್ತು.

"ಚಲೋ ಆತು ಬಿಡ್ರಿ," ಅಂದಳು. "ಮಕ್ಕಳನ್ನ ಬಿಟ್ಟು ಅವರವ್ವನ್ನ ಹಿಡ್ಕೊಂಡು ಬಂದೀರಿ."

ಆವತ್ತಿನ ಊಟ ಗಂಟಲಲ್ಲಿ ಇಳೀಲಿಲ್ಲ ಅಂತ ಬರೆದರೆ ಸುಳ್ಳಾಗ್ತದೆ. ಇಳೀತು, ರುಚಿಯಾಗಿಯೇ ಇತ್ತು. ಆದರೆ ತಲೆ ಕೆಟ್ಟಿತು. ಸಣ್ಣದು ಹಿಡಿದರೂ ತಪ್ಪು, ದೊಡ್ಡದು ಹಿಡಿದರೂ ತಪ್ಪು. ಹಾಗಾದರೆ ಹಿಡಿಯೋದು ಏನು?

ಮೊನ್ನೆ ರವಿವಾರ ನಾವು ಮತ್ತೆ ಹಳೇ ತಕ್ಕಡಿಗೇ ಬಂದೆವು. ಆದರೆ ನಾನು ಮನೆಯಲ್ಲಿ ಎಷ್ಟು ತಲೆಯೋ ಅಷ್ಟೇ ಮೀನು ಇಟ್ಟುಕೊಂಡೆ, ಅದೂ ನಡುತರದವು. ಉಳಿದವನ್ನು ಬಿಡ್ತಾ ಹೋದೆ. ಒಂದೊಂದು ಬಿಟ್ಟಾಗಲೂ ಚಹಾದ ಬಿಲ್ಲು ಕಣ್ಣಮುಂದೆ ಬರ್ತಿತ್ತು. ಬಿಲ್ಲಿನ ಚಿಂತೆಯಲ್ಲ. ಬಸುವಿನ ನಾಲಿಗೆಯ ಚಿಂತೆ.

ಸಂಜೆ ನನ್ನ ಚೀಲ ತಕ್ಕಡಿಗೆ ಸಿಕ್ಕಿಸಿ ಬಸು ಅತ್ತಿತ್ತ ನೋಡಿದ.

"ಏನ್ ಮಿಸ್ತ್ರಿ, ಇವತ್ತ ಉಪಾಸ ಏನು? ಮುಳ್ಳು ಅಳ್ಳಾಡವಲ್ಲದು."

"ಅಳ್ಳಾಡೈತಿ, ಛಂದಗೆ ನೋಡು."

"ಗಾಳಿಗೆ ಅಳ್ಳಾಡಿರಬೇಕು. ಲೇ, ಎಲ್ಲಾರೂ ಕೇಳ್ರಿ, ಮಿಸ್ತ್ರಿ ಸೋತಾರ. ಇಷ್ಟ ವರ್ಷದ್ದು ಇವತ್ತ ವಸೂಲ್. ತಲಿಗೆ ಎರಡೆರಡು ಪ್ಲೇಟ್."

ಕೊಡಿಸಿದೆ. ಮೂವರೂ ಮಿರ್ಚಿಯನ್ನು ಸಾವಕಾಶ, ನನ್ನ ಮುಖ ನೋಡ್ತಾ ತಿಂದರು. ಕಾರಣ ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಗೆದ್ದವರಿಗೆ ಕಿವಿ ಎಲ್ಲಿರ್ತದೆ?

ಬೈಕ್ ಹತ್ತುವಾಗ ಬಸು ಕೇಳಿದ, "ಮುಂದಿನ ವಾರನೂ ನಾಕ ಮೀನ ಏನು?"

"ನಾಕ."

ಬಸು ಬೆರಳು ಮಡಚಿ ಲೆಕ್ಕ ಹಾಕಿದ. "ಹಂಗಾದ್ರ ನಾನ್ಯಾಕ ಇಡೀ ದಿನ ಬಿಸಲಾಗ ಸಾಯ್ಲಿ? ನಿಮ್ಮನ್ನ ಸೋಲ್ಸಾಕ ಐದು ಸಾಕಲ್ಲ."

ನಾನು ಹೇಳಿ ಹೇಳಿ ಆಗದ್ದು, ನನ್ನನ್ನು ಸೋಲಿಸೋ ಹುರುಪಿನಲ್ಲಿ ಆಗ್ತಾ ಇದೆ. ಆಗಲಿ.

ಸದ್ಯ ನನ್ನ ಹತ್ತಿರ ಇರೋದು ಇಷ್ಟು: ಅಂಗಡಿ ಒಂದು, ಗಾಳ ಎರಡು, ಮನೆಮಂದಿ ನಾಲ್ಕು, ಮೀನು ನಾಲ್ಕು.