ಬತ್ತಿ ಇಟ್ಟವರು ಯಾರು?

ಔಷಧಿ ಅಂಗಡಿಯವರು ದನಿ ತಗ್ಗಿಸಿದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಬೇರೆಯವರ ರಕ್ತದೊತ್ತಡದ ಮಾತ್ರೆಯ ಹೆಸರನ್ನು ಇಡೀ ಬೀದಿಗೆ ಕೇಳುವಂತೆ ಕೂಗುವವನು ನಮ್ಮ ಮಾರೇನಹಳ್ಳಿಯ ಅಂಗಡಿಯಾತ. ಅಕ್ಕನ ಮಗಳು ಚಾರ್ವಿಗೆ ಹೊಟ್ಟೆ ಕಟ್ಟಿದೆ ಎಂದು ನಾನು ಹೇಳಿದೊಡನೆ ಅವನು ಆಚೀಚೆ ನೋಡಿ, ಮುಂದಕ್ಕೆ ಬಾಗಿ, ಪಿಸುಗುಟ್ಟಿದ: "ಗ್ಲಿಸರಿನ್ ಬತ್ತಿ ಕೊಡ್ತೀನಿ ಮೇಡಂ. ಇಟ್ರೆ ಆಯ್ತು, ತಲೆನೋವೇ ಇರಲ್ಲ." ಬಳಿಕ ಅದನ್ನು ಪತ್ರಿಕೆಯ ಹಾಳೆಯಲ್ಲಿ ಸುತ್ತಿ ಕಪ್ಪು ಕವರಿಗೆ ಇಳಿಸಿದ. ಯಾರ ತಲೆನೋವು, ಎಲ್ಲಿಯ ಔಷಧಿ ಎಂದು ಕೇಳುವಷ್ಟರಲ್ಲಿ ಅವನು ಮುಂದಿನ ಗಿರಾಕಿಯ ಕಡೆ ತಿರುಗಿದ್ದ.

ಬತ್ತಿ ಇಡುವುದು ಎಂದರೆ ಈ ಊರಿನಲ್ಲಿ ಏನರ್ಥವೆಂದು ನಿಮಗೆ ತಿಳಿಯದ್ದೇನಲ್ಲ. ವಿಜಯನಗರದ ಬಸ್ ನಿಲ್ದಾಣದಲ್ಲಿ "ಅವ್ನು ನಂಗೇ ಬತ್ತಿ ಇಟ್ಬಿಟ್ಟ ಮಗಾ" ಎಂದು ಗೋಳಾಡುವ ಹುಡುಗನನ್ನು ನೀವೂ ಕಂಡಿರುತ್ತೀರಿ. ಬೆನ್ನ ಹಿಂದೆ ಸದ್ದಿಲ್ಲದೆ ಮಾಡುವ ಕಿತಾಪತಿಗೆ ಇಷ್ಟು ಚಿತ್ರವತ್ತಾದ ಹೆಸರು ಇನ್ನೊಂದಿಲ್ಲ. ಆದ್ದರಿಂದ ಆರು ವರ್ಷದ ಮಗುವಿಗೆ ಮನೆಮಂದಿಯೆಲ್ಲ ಸೇರಿ ಬತ್ತಿ ಇಡಲು ಹೊರಟಾಗ ನನಗೆ ಅನುಮಾನ ಬಂದದ್ದು ಸಹಜ. ಅನುಮಾನ ನನ್ನ ಹುಟ್ಟುಗುಣ. ವಿಶ್ವವಿದ್ಯಾಲಯದಲ್ಲಿ ಅದನ್ನು ವಿಮರ್ಶಾತ್ಮಕ ದೃಷ್ಟಿ ಎಂದು ಮೆಚ್ಚುತ್ತಿದ್ದರು. ಮನೆಯಲ್ಲಿ ಕೊಂಕುಬುದ್ಧಿ ಎನ್ನುತ್ತಾರೆ.

ಮಾತಿನ ಬೆನ್ನು ಹತ್ತುವುದು ನನ್ನ ಇನ್ನೊಂದು ಚಾಳಿ. ಸಂಸ್ಕೃತದ ವರ್ತಿಯೇ ನಮ್ಮ ಬತ್ತಿ. ಆಯುರ್ವೇದದಲ್ಲಿ, ಗುದದ್ವಾರದಲ್ಲಿಡುವ ಫಲವರ್ತಿಯೆಂಬ ಹೆಸರಿನಲ್ಲಿ ಅದು ಇದೇ ಸೇವೆಯನ್ನು ಬಹುಕಾಲದಿಂದ ಸಲ್ಲಿಸುತ್ತ ಬಂದಿದೆ. ಒಂದೇ ಪದ ದೇವರ ಮುಂದೆ ಬೆಳಗುತ್ತದೆ, ದೇಹದ ಕತ್ತಲಲ್ಲೂ ದುಡಿಯುತ್ತದೆ. ಈ ವಿದ್ವತ್ತನ್ನು ಅಮ್ಮನ ಮುಂದೆ ಬಿಚ್ಚಿದಾಗ ಆಕೆ ಹುರುಳಿಕಾಯಿಯ ನಾರು ತೆಗೆಯುತ್ತಲೇ, ತಮ್ಮ ಕಾಲದಲ್ಲಿ ವೀಳ್ಯದೆಲೆಯ ತೊಟ್ಟನ್ನು ಹರಳೆಣ್ಣೆಯಲ್ಲಿ ಅದ್ದಿ ಕೆಲಸ ಮುಗಿಸುತ್ತಿದ್ದರೆಂದು ತಿಳಿಸಿದರು. "ನಿಂಗೂ ಅದೇ ಕಣೇ ಇಟ್ಟಿದ್ದು. ಅದಕ್ಕೇ ಇಷ್ಟು ಓದ್ದೆ" ಎಂದರು. ನನ್ನ ವಿಮರ್ಶಾತ್ಮಕ ದೃಷ್ಟಿಯ ಮೂಲ ಅಲ್ಲಿರಬಹುದೆಂದು ನಾನು ಅದುವರೆಗೆ ಊಹಿಸಿರಲಿಲ್ಲ.

ಸಭ್ಯ ಕನ್ನಡ ಈ ವಿಷಯದಲ್ಲಿ ಬಹಳ ನಾಚಿಕೆಯದು. ಬಹಿರ್ದೆಸೆ ಎಂದು ಹೇಳಿ ಕ್ರಿಯೆಯನ್ನೇ ಒಂದು ದಿಕ್ಕನ್ನಾಗಿ ಮಾಡಿಬಿಟ್ಟಿದೆ. ಕೋಣೆಗಂಟಿಕೊಂಡೇ ಶೌಚಾಲಯ ಕಟ್ಟಿಕೊಂಡ ಮೇಲೂ ನಾವು ಹೋಗುವುದು ಹೊರಕಡೆಗೇ. ಇನ್ನು ಮಲಬದ್ಧತೆ. ಬದ್ಧತೆಯ ಬಗ್ಗೆ ನಾನು ಎಷ್ಟು ವಿಚಾರಸಂಕಿರಣಗಳಲ್ಲಿ ಗಂಟಲು ಹರಿದುಕೊಂಡಿದ್ದೇನೆ! ಕಡೆಗೆ ಅದು ಅಚಲವಾಗಿ ಕಾಣಿಸಿಕೊಂಡದ್ದು ಒಂದು ಮಗುವಿನ ಕರುಳಿನಲ್ಲಿ.

ಬತ್ತಿಯ ಮೇಲೆ ಸುಳ್ಳು ದೂರು ಹೊರಿಸಲಾರೆ. ಗ್ಲಿಸರಿನ್ನಿನ ಆ ಪಾರದರ್ಶಕ ತುಂಡು ನೀರನ್ನು ತನ್ನೆಡೆಗೆ ಸೆಳೆದು, ಗಟ್ಟಿಯಾದದ್ದನ್ನು ಸಡಿಲಿಸಿ, ಹೇಳಿದ ಕೆಲಸವನ್ನು ಮಾಡಿತು. ಅಕ್ಕ ಕೂಡಲೇ ಕೆಂಗೇರಿಯ ಕಚೇರಿಯಲ್ಲಿದ್ದ ಭಾವನಿಗೆ ಫೋನ್ ಮಾಡಿ, ಪರೀಕ್ಷೆಯ ಫಲಿತಾಂಶ ತಿಳಿಸುವವಳಂತೆ "ಆಯ್ತು ರೀ" ಎಂದಳು. ಭಾವ ಮೀಟಿಂಗಿನಲ್ಲಿದ್ದುಕೊಂಡೇ "ಥ್ಯಾಂಕ್ ಗಾಡ್" ಎಂದರಂತೆ. ಏನನ್ನು ಕುರಿತು ಎಂದು ಅಲ್ಲಿದ್ದವರಿಗೆ ಹೇಗೆ ವಿವರಿಸಿದರೋ ತಿಳಿಯದು.

ನನ್ನ ಆಕ್ಷೇಪವಿರುವುದು ಆ ನಂತರದ ನೆಮ್ಮದಿಯ ಬಗ್ಗೆ. ಬತ್ತಿಗೆ ನಮ್ಮ ಫ್ರಿಜ್ಜಿನ ಬಾಗಿಲಿನಲ್ಲಿ, ನಿಂಬೆಹಣ್ಣಿನ ಪಕ್ಕ, ಕಾಯಂ ಜಾಗ ಸಿಕ್ಕಿತು. ವಾರ ವಾರವೂ ಹೊಟ್ಟೆ ಕಟ್ಟುವುದು, ವಾರ ವಾರವೂ ಬತ್ತಿ. ಏಕೆ ಕಟ್ಟುತ್ತಿದೆ ಎಂಬ ಪ್ರಶ್ನೆಗೂ ಒಂದು ಬತ್ತಿ ಇಟ್ಟಂತಾಯಿತು. ಅಮ್ಮ ಪಚ್ಚಬಾಳೆಯನ್ನು ಶಂಕಿಸಿದರು, ಅಕ್ಕ ಬಿಸ್ಕತ್ತನ್ನು, ಭಾವ ಮೊಬೈಲನ್ನು. ಒಂದು ಸಂಜೆ ಉಪ್ಪು ಮೆಣಸಿನಕಾಯಿ ಇಳಿ ತೆಗೆದು ಬೀದಿಯ ಕಣ್ಣುಗಳನ್ನೂ ಆರೋಪಿಗಳ ಸಾಲಿಗೆ ಸೇರಿಸಲಾಯಿತು. ಈ ನಡುವೆ ಚಾರ್ವಿಯ ಸ್ಥಿತಿ ಹೇಗಾಯಿತೆಂದರೆ, ಮೊಸರು ತೆಗೆಯಲು ಯಾರಾದರೂ ಫ್ರಿಜ್ ತೆರೆದರೂ ಸಾಕು, ಅವಳು ಪರದೆಯ ಹಿಂದೆ ಹೋಗಿ ಕಾಲು ಬಿಗಿದು ನಿಲ್ಲುತ್ತಿದ್ದಳು. ಪರದೆಯ ಕೆಳಗೆ ಅವಳ ಬೆರಳುಗಳು ನೆಲವನ್ನು ಒತ್ತಿ ಹಿಡಿದಿರುವುದು ಕಾಣಿಸುತ್ತಿತ್ತು. ಅದನ್ನು ಕಂಡ ದಿನ ನನ್ನ ತಮಾಷೆ ನಿಂತಿತು.

ಬಸವೇಶ್ವರನಗರದ ಮಕ್ಕಳ ವೈದ್ಯೆಯ ಬಳಿಗೆ ಕರೆದೊಯ್ದೆವು. ಬತ್ತಿ ಅಪರೂಪಕ್ಕೆ ಸರಿ, ಅದೇ ದಿನಚರಿಯಾಗಬಾರದು ಎಂದರು ಅವರು. ಮಲ ಮೆದುವಾಗಲು ಬೇರೆ ಔಷಧಿ ಬರೆದರು. ಬಳಿಕ, ಇವಳಿಗೆ ಬರದೇ ಇರುವುದಲ್ಲ, ಬಂದದ್ದನ್ನು ಇವಳೇ ತಡೆಯುತ್ತಿದ್ದಾಳೆ, ಏಕೆಂದು ಹುಡುಕಿ ಎಂದರು. ನನ್ನಂಥವಳಿಗೆ ಇದಕ್ಕಿಂತ ಪ್ರಿಯವಾದ ಔಷಧಿಚೀಟಿ ಉಂಟೇ?

ನನ್ನ ತನಿಖೆ ನೀರಿನ ಬಾಟಲಿಯಿಂದ ಆರಂಭವಾಯಿತು. ಬೆಳಗ್ಗೆ ತುಂಬಿ ಕಳುಹಿಸಿದ ಬಾಟಲಿ ಸಂಜೆಯೂ ತುಂಬಿಯೇ ಮರಳುತ್ತಿತ್ತು. ಬಾಯಾರಿಕೆ ಆಗುವುದಿಲ್ಲವೇ ಎಂದರೆ, ಕುಡಿದರೆ ಹೋಗಬೇಕಾಗುತ್ತದೆ ಎಂದಳು. ಹೋದರೇನಂತೆ ಎಂದೆ. ಅವಳು ಲೋಕಜ್ಞಾನವಿಲ್ಲದವಳನ್ನು ನೋಡುವಂತೆ ನನ್ನನ್ನು ನೋಡಿದಳು.

"ನಿಧಿ ಟೂ ಬಿಟ್ಟಿದ್ದಾಳೆ ಚಿಕ್ಕಿ. ಇನ್ನು ಡೋರ್ ಯಾರು ಹಿಡ್ಕೋತಾರೆ?"

ಆಮೇಲೆ ಬಿಡಿಸಿ ಬಿಡಿಸಿ ಕೇಳಿದಾಗ ಒಂದು ಇಡೀ ಸಮಾಜವ್ಯವಸ್ಥೆ ಹೊರಬಿತ್ತು. ಶಾಲೆಯಲ್ಲಿ ಹುಡುಗಿಯರ ಶೌಚಾಲಯದ ಬಾಗಿಲುಗಳಿಗೆ ಚಿಲಕವಿಲ್ಲ. ಆದ್ದರಿಂದ ಪ್ರತಿಯೊಬ್ಬಳಿಗೂ ಬಾಗಿಲು ಹಿಡಿಯುವ ಗೆಳತಿಯೊಬ್ಬಳಿರಬೇಕು. ನೀನು ನನ್ನದು ಹಿಡಿ, ನಾನು ನಿನ್ನದು ಹಿಡಿಯುತ್ತೇನೆ. ಬಣ್ಣದ ಪೆನ್ಸಿಲಿಗಾಗಿ ಜಗಳವಾಗಿ ನಿಧಿ ಮುಖ ತಿರುಗಿಸಿದ ದಿನದಿಂದ ಚಾರ್ವಿ ಬಾಗಿಲಿಲ್ಲದವಳಾಗಿದ್ದಳು. ಒಮ್ಮೆ ಒಬ್ಬಳೇ ಹೋಗಿದ್ದಾಗ ಯಾರೋ ಬಾಗಿಲು ದೂಡಿ ನಕ್ಕರಂತೆ. ಅಂದಿನಿಂದ ಅವಳು ಬೀಗ ಹಾಕಿಕೊಂಡದ್ದು ತನ್ನ ದೇಹಕ್ಕೆ. ಆ ಬೀಗಕ್ಕೆ ನಾವು ಗ್ಲಿಸರಿನ್ ಸವರುತ್ತಿದ್ದೆವು.

ಮರುದಿನವೇ ಅಕ್ಕನನ್ನು ಎಳೆದುಕೊಂಡು ಶಾಲೆಗೆ ಹೋದೆ. "ಜಾಸ್ತಿ ಮಾತಾಡ್ಬೇಡ ಕಣೇ, ಮಗು ಅಲ್ಲೇ ಓದ್ಬೇಕು" ಎಂದು ಅಕ್ಕ ದಾರಿಯುದ್ದಕ್ಕೂ ಬೇಡಿಕೊಂಡಳು. ಹೆಣ್ಣುಮಕ್ಕಳ ಬಾಯಿಗೆ ಹಾಕುವ ಚಿಲಕ ಮಾತ್ರ ಈ ದೇಶದಲ್ಲಿ ಎಂದೂ ಸಡಿಲವಾಗುವುದಿಲ್ಲ ಎಂದು ಗೊಣಗಿಕೊಂಡೆ. ಮುಖ್ಯೋಪಾಧ್ಯಾಯಿನಿ ನಗುನಗುತ್ತ ಬರಮಾಡಿಕೊಂಡರು. ಮಕ್ಕಳು ಒಳಗೆ ಸಿಕ್ಕಿಹಾಕಿಕೊಳ್ಳಬಾರದೆಂದೇ ಚಿಲಕ ತೆಗೆಸಿದ್ದಾಗಿ ವಿವರಿಸಿದರು. ಎಷ್ಟಾದರೂ ಸುರಕ್ಷತೆ ಮುಖ್ಯವಂತೆ. "ಬೆಳಗ್ಗೆ ಮನೇಲೇ ಮುಗಿಸೋ ಅಭ್ಯಾಸ ಮಾಡಿಸ್ಬೇಕು ಮೇಡಂ. ಪೇರೆಂಟ್ಸ್ ಕೂಡ ಸ್ವಲ್ಪ ಜವಾಬ್ದಾರಿ ತಗೋಬೇಕಲ್ವಾ?"

ಜವಾಬ್ದಾರಿ ಎಂಬ ಪದ ಅಷ್ಟು ನಯವಾಗಿ ನಮ್ಮ ಕಡೆ ಜಾರಿ ಬಂದದ್ದು ಕಂಡು, ಅದಕ್ಕೂ ಗ್ಲಿಸರಿನ್ ಹಚ್ಚಿರಬೇಕೆಂದು ನನಗೆ ಸಂಶಯವಾಯಿತು. ಅವರ ಬೆನ್ನ ಹಿಂದಿನ ಮೊಳೆಯಲ್ಲಿ ಶಿಕ್ಷಕರ ಶೌಚಾಲಯದ ಕೀಲಿಕೈ ತೂಗುತ್ತಿತ್ತು. ಹಾಗಾದರೆ ಅದರ ಚಿಲಕವನ್ನೂ ತೆಗೆಸಿದ್ದೀರಾ ಎಂದು ಕೇಳಬೇಕೆಂದು ಬಾಯಿ ತೆರೆದೆ. ಆದರೆ ಅದುವರೆಗೆ ತಲೆ ತಗ್ಗಿಸಿ ಕುಳಿತಿದ್ದ ಅಕ್ಕ ನನಗಿಂತ ಮೊದಲು ಮಾತನಾಡಿದಳು.

"ನಮ್ಮ ಮಗು ಇಲ್ಲಿ ನೀರೇ ಕುಡಿಯಲ್ಲ ಮೇಡಂ. ಮನೇಲಿ ನನ್ನ ಕೈ ನೋಡಿದ್ರೆ ಹೆದರ್ತಾಳೆ. ಚಿಲಕ ಹಾಕ್ಸೋವರ್ಗೂ ನಾನು ಇಲ್ಲೇ ಕೂತಿರ್ತೀನಿ."

ಅವಳ ದನಿ ಏರಲಿಲ್ಲ. ಮುಖ್ಯೋಪಾಧ್ಯಾಯಿನಿ ಗಡಿಯಾರ ನೋಡಿದರು, ಅಕ್ಕನನ್ನು ನೋಡಿದರು, ಬಳಿಕ ಬಡಗಿಗೆ ಫೋನ್ ಮಾಡಿದರು.

ಚಿಲಕ ಬಂತು, ದೊಡ್ಡವರ ಹೆಗಲೆತ್ತರದಲ್ಲಿ. ಮಕ್ಕಳು ಕುಪ್ಪಳಿಸಿದರೂ ಎಟುಕದು. ವ್ಯವಸ್ಥೆಗೆ ಉತ್ತರದಾಯಿತ್ವ ಬಂದಾಗಲೂ ಅದು ತನ್ನ ಎತ್ತರಕ್ಕೇ ಬರುತ್ತದೆ. ಮತ್ತೊಮ್ಮೆ ಹೋಗಿ ಕೂತೆವು, ಚಿಲಕ ಕೆಳಗಿಳಿಯಿತು. ಬಾಟಲಿ ನಿಧಾನವಾಗಿ ಖಾಲಿಯಾಗಿ ಮರಳತೊಡಗಿತು. ಫ್ರಿಜ್ ತೆರೆದರೆ ಚಾರ್ವಿ ಈಗ ಓಡಿ ಬರುವುದು ಐಸ್‌ಕ್ರೀಮ್ ಇದೆಯೇ ಎಂದು ನೋಡಲು.

ಆದರೂ ನನ್ನ ಬುದ್ಧಿ ಬಿಡಬೇಕಲ್ಲ. ಪೋಷಕರ ಸಭೆಯ ದಿನ ಎಲ್ಲರೂ ಅಂಕಗಳ ಚರ್ಚೆಯಲ್ಲಿದ್ದಾಗ, ಆ ಚಿಲಕವನ್ನು ಸ್ವತಃ ಪರೀಕ್ಷಿಸಲು ಹುಡುಗಿಯರ ಶೌಚಾಲಯಕ್ಕೆ ನುಗ್ಗಿದೆ. ಬಾಗಿ, ಒಳಗಿನಿಂದ ಹಾಕಿ, ಎಳೆದು ನೋಡಿದೆ. ಸರಿಯಾಗಿಯೇ ಕೂತಿತ್ತು. ಅಷ್ಟರಲ್ಲಿ ಬಾಗಿಲಿನಡಿ ಎರಡು ಪುಟ್ಟ ಬೂಟುಗಳು ಬಂದು ನಿಂತವು.

"ಆಂಟಿ, ಡೋರ್ ಹಿಡ್ಕೋಬೇಕಾ?"

ಯಾರ ಮಗುವೋ, ನನಗೆ ಗುರುತಿಲ್ಲ. ಇಷ್ಟು ದಿನ ಜವಾಬ್ದಾರಿ ಯಾರದೆಂದು ಎಲ್ಲರನ್ನೂ ಕೇಳಿ ಬಂದವಳು ನಾನು. ಕೇಳದೆಯೇ ಹೊರಲು ಬಂದವಳು ಇವಳೊಬ್ಬಳೇ. ಬೇಡ ಪುಟ್ಟಿ, ಚಿಲಕ ಇದೆ ಎನ್ನಲು ಹೊರಟವಳು ಆ ಹೊಳೆಯುವ ಹೊಸ ಕಬ್ಬಿಣವನ್ನು ಇನ್ನೊಮ್ಮೆ ದಿಟ್ಟಿಸಿದೆ.

"ಹಿಡ್ಕೋ ಕಂದ" ಎಂದೆ.