ಪರಿಸರ ಮಾವನ ಹಳೆಯ ಅಂಗಿ
ಓಣಿಯ ಮಕ್ಕಳೆಲ್ಲ ‘ಪರಿಸರ ಮಾವ’ ಎಂದು ಕರೆಯುವ ನಮ್ಮ ಮೇಲಿನ ಮನೆಯವರು ತಿಂಗಳಿಗೊಂದು ಪ್ರತಿಜ್ಞೆ ಮಾಡಿ ಭೂಮಿಯನ್ನು ಕಾಪಾಡುತ್ತಾರೆ. ಲಿಫ್ಟ್ ಬಳಸುವುದನ್ನು ಬಿಟ್ಟ ತಿಂಗಳು ಅವರು ಭಾಷಣ ಮಾಡುತ್ತಾ ಬರಿಗೈಯಲ್ಲಿ ಮೆಟ್ಟಿಲು ಹತ್ತಿದರು. ತರಕಾರಿ ಚೀಲವನ್ನು ಹೆಂಡತಿ ಹೊತ್ತರು. ನೀರು ಉಳಿಸುವ ತಿಂಗಳು ಸ್ನಾನವನ್ನೇ ಉಳಿಸಿದರು. “ರೀ, ಭೂಮಿ ಉಳಿಯುತ್ತೆ, ಪಕ್ಕದಲ್ಲಿ ಕೂತೋರು ಉಳಿಯಲ್ಲ!” ಎಂದು ಆಕೆ ಮೂಗು ಮುಚ್ಚಿಕೊಂಡರು. ಯಾವ ಪ್ರತಿಜ್ಞೆಗೂ ತಿಂಗಳು ತುಂಬಲಿಲ್ಲ. ಮುರಿಯದೆ ಉಳಿದದ್ದು ಒಂದೇ: ಹೊಸ ಬಟ್ಟೆ ಕೊಳ್ಳದೆ ಹಳೆಯದನ್ನೇ ಹೆಂಡತಿಯ ಕೈಯಲ್ಲಿ ಹೊಲಿಸಿಕೊಂಡು ತೊಡುವುದು. ಆಕೆಗೆ ಕಣ್ಣು ಮಂಜಾಗಿರುವುದರಿಂದ ಸೂಜಿಗೆ ದಾರ ಪೋಣಿಸುವ ಕೆಲಸ ಮಾವನದು. ಸಂಜೆ ಇಬ್ಬರೂ ಬಾಲ್ಕನಿಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಾರೆ. “ಮತ್ತೆ ಗುಂಡಿ ಉದುರಿತಾ? ಅದೇನು ಅಂಗೀನೋ ನಿಮ್ದು!” ಎಂದು ಆಕೆ ಬೈಯುತ್ತಾರೆ. ನಿನ್ನೆ ಮೆಟ್ಟಿಲ ತಿರುವಿನಲ್ಲಿ ಮಾವ ಅಂಗಿಯ ಗಟ್ಟಿ ಗುಂಡಿಯೊಂದನ್ನು ಹಲ್ಲಿನಿಂದ ಕಚ್ಚಿ ಕೀಳುತ್ತಿದ್ದುದನ್ನು ಕಂಡೆ.